ಸಾಕಿದ ನಾಯಿ ಮತ್ತು ಅಣುವ್ರತದ ಐದು ಎಚ್ಚರಗಳು

ಜೈನ ಶ್ರಾವಕನ ಅಹಿಂಸೆಯು ಬಸದಿಯ ಗರ್ಭಗೃಹದೆದುರು ಆರಂಭವಾಗಿ ಅಲ್ಲಿಯೇ ಮುಗಿಯುವ ಆಚರಣೆಯಲ್ಲ. ಅದು ಪರೀಕ್ಷೆಗೆ ಒಳಗಾಗುವುದು ಮನೆಯ ಅಂಗಳದಲ್ಲಿ, ಹಿತ್ತಲ ಬಾಗಿಲಲ್ಲಿ, ಯಜಮಾನನನ್ನೇ ನಂಬಿ ಬದುಕುವ ಮೂಕಜೀವಿಯ ಮುಂದೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ತಗಲಬಹುದಾದ ಐದು ಅತಿಚಾರಗಳನ್ನು ಹೆಸರಿಸಿದ್ದಾರೆ. ಅವು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಅಂದರೆ ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿದ ಭಾರವನ್ನು ಹೊರಿಸುವುದು, ಅನ್ನನೀರನ್ನು ತಡೆಯುವುದು. ವ್ರತವು ಪೂರ್ತಿಯಾಗಿ ಮುರಿಯದಿದ್ದರೂ ಅದಕ್ಕೆ ಹತ್ತುವ ಕಲೆಯೇ ಅತಿಚಾರ.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಈ ಐದೂ ತಪ್ಪುಗಳು ಕಾಡಿನ ಮೃಗದ ಮೇಲಾಗಲಿ, ಎದುರಿಸಿ ನಿಂತ ಶತ್ರುವಿನ ಮೇಲಾಗಲಿ ನಡೆಯುವಂಥವಲ್ಲ. ಮನೆಯ ಆಶ್ರಯದಲ್ಲಿರುವ, ಓಡಿಹೋಗಲಾರದ, ಕೇಳಲಾರದ ಪ್ರಾಣಿಯ ಮೇಲೆ ನಡೆಯುವಂಥವು. ಕೊಲ್ಲದಿರುವ ಮಾತ್ರಕ್ಕೆ ಅಹಿಂಸೆ ಸಿದ್ಧಿಸಲಿಲ್ಲ, ಸಾಕಿದ ಜೀವವನ್ನು ಹೇಗೆ ಇಟ್ಟುಕೊಂಡಿದ್ದಾನೆ ಎಂಬುದರಿಂದಲೇ ಗೃಹಸ್ಥನ ವ್ರತವನ್ನು ಅಳೆಯಬೇಕು ಎಂಬುದು ಆಚಾರ್ಯರ ಅಭಿಪ್ರಾಯ.

ಹಿಂದೆ ಆ ಜೀವ ಕೊಟ್ಟಿಗೆಯ ಹಸುವಾಗಿತ್ತು, ಗಾಡಿಯ ಎತ್ತಾಗಿತ್ತು. ಇಂದಿನ ಮೈಸೂರಿನಲ್ಲಿ ಕೊಟ್ಟಿಗೆಯಿರುವ ಮನೆಗಳು ವಿರಳ. ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂಗಳ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದರೆ ಕಾಣುವುದು ಕೊರಳಪಟ್ಟಿ ತೊಟ್ಟ ನಾಯಿಗಳು. ನಗರದ ಕುಟುಂಬಗಳಿಗೆ ಇಂದು ಸಾಕುಪ್ರಾಣಿಯೆಂದರೆ ಬಹುಮಟ್ಟಿಗೆ ನಾಯಿಯೇ. ಆದ್ದರಿಂದ ಆ ಐದು ಎಚ್ಚರಗಳೂ ಇಂದು ಅದರ ಸುತ್ತಲೇ ಅರ್ಥ ಪಡೆಯುತ್ತವೆ.

ನಾಯಿಯೊಳಗಿನ ಜೀವ

ಜೈನ ಸಿದ್ಧಾಂತದ ಪ್ರಕಾರ ನಾಯಿಯು ಪಂಚೇಂದ್ರಿಯಗಳುಳ್ಳ, ಮನಸ್ಸೂ ಉಳ್ಳ ಸಂಜ್ಞಿ ತಿರ್ಯಂಚ ಜೀವ. ಅದಕ್ಕೆ ನೆನಪುಂಟು, ಭಯವುಂಟು, ಒಲವುಂಟು. ಸಂಜ್ಞಿ ಪಂಚೇಂದ್ರಿಯ ತಿರ್ಯಂಚವು ಸಮ್ಯಕ್ತ್ವವನ್ನು ಪಡೆಯಬಲ್ಲದು, ಐದನೆಯ ಗುಣಸ್ಥಾನದವರೆಗೂ ಏರಬಲ್ಲದು ಎಂದು ಆಗಮಪರಂಪರೆ ಒಪ್ಪುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಧರ್ಮದಿಂದ ನಾಯಿಯೂ ದೇವನಾಗುವುದನ್ನು, ಪಾಪದಿಂದ ದೇವನೂ ನಾಯಿಯಾಗುವುದನ್ನು ಹೇಳಿದ್ದಾರೆ. ಕಾಲ ಬಳಿ ಮಲಗಿರುವ ಪ್ರಾಣಿಗೂ ಅದರ ಒಡೆಯನಿಗೂ ನಡುವಣ ಅಂತರ ಪರ್ಯಾಯದ್ದೇ ಹೊರತು ಆತ್ಮದ್ದಲ್ಲ.

ಜೀವಂಧರನ ಕಥೆ ಇದಕ್ಕೆ ನಿದರ್ಶನ. ಕನ್ನಡದಲ್ಲಿ ಭಾಸ್ಕರ ಕವಿ ಷಟ್ಪದಿಯಲ್ಲಿಯೂ, ಮೈಸೂರಿಗೆ ಸಮೀಪದ ತೆರಕಣಾಂಬಿಯ ಬೊಮ್ಮರಸ ಸಾಂಗತ್ಯದಲ್ಲಿಯೂ ಹಾಡಿದ ಚರಿತೆ ಅದು. ಯಜ್ಞದ ಅನ್ನವನ್ನು ಮುಟ್ಟಿತೆಂಬ ಕೋಪಕ್ಕೆ ಪೆಟ್ಟು ತಿಂದು ಪ್ರಾಣ ಬಿಡುತ್ತಿದ್ದ ನಾಯಿಯೊಂದನ್ನು ಜೀವಂಧರ ಕುಮಾರ ಕಂಡ. ಬದುಕಿಸುವುದು ಸಾಧ್ಯವಿರಲಿಲ್ಲ. ಆತ ಪಕ್ಕದಲ್ಲಿ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸಿದ. ಶಾಂತಭಾವದಿಂದ ದೇಹ ಬಿಟ್ಟ ಆ ಜೀವ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಮುಂದೆ ಜೀವಂಧರನ ಪ್ರಾಣಕ್ಕೆ ಸಂಚಕಾರ ಬಂದಾಗ ಆ ಯಕ್ಷನೇ ಬಂದು ಕಾಪಾಡಿದ. ಒಂದು ನಾಯಿಯ ಕೊನೆಯ ಗಳಿಗೆಗೆ ಜೈನ ಕಾವ್ಯಪರಂಪರೆ ಇಷ್ಟು ಗೌರವ ಕೊಟ್ಟಿದೆ.

ಸಾಕಬೇಕೆ ಎಂಬ ಮೊದಲ ಪ್ರಶ್ನೆ

ಹೀಗಿದ್ದರೂ ಪರಂಪರೆಯಲ್ಲಿ ಒಂದು ಎಚ್ಚರಿಕೆಯ ದನಿಯೂ ಇದೆ. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕೇ ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡಗಳಲ್ಲಿ ಎಣಿಸಿದೆ. ಶ್ವೇತಾಂಬರ ಸಂಪ್ರದಾಯವು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಾದಾನಗಳಲ್ಲಿ ಅಂಥ ಪ್ರಾಣಿಗಳನ್ನು ಜೀವನೋಪಾಯಕ್ಕಾಗಿ ಪೋಷಿಸುವುದನ್ನೂ ಸೇರಿಸಿದೆ. ಇದನ್ನು ಮರೆಮಾಚುವ ಅಗತ್ಯವಿಲ್ಲ. ಪ್ರಯೋಜನವಿಲ್ಲದೆ, ಬರಿಯ ಮೋಜಿಗೆ, ಪ್ರತಿಷ್ಠೆಗೆ, ಲಾಭಕ್ಕೆ ಪ್ರಾಣಿಯನ್ನು ತಂದಿಟ್ಟುಕೊಳ್ಳಬಾರದೆಂಬುದು ಅದರ ತಾತ್ಪರ್ಯ.

ಈ ದೃಷ್ಟಿಯಿಂದ ನೋಡಿದರೆ ದುಬಾರಿ ತಳಿಯ ಮರಿಯನ್ನು ಅಂತಸ್ತಿನ ಗುರುತಾಗಿ ಕೊಳ್ಳುವುದಕ್ಕೂ, ದಿಕ್ಕಿಲ್ಲದ ಮರಿಗೆ ಆಸರೆ ನೀಡುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಪರಿಗ್ರಹ, ಎರಡನೆಯದು ಅಭಯದಾನ. ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆ ಗಾಯಗೊಂಡ ಪ್ರಾಣಿಗಳನ್ನು ಕಾಪಾಡುತ್ತಿದೆ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಪಿಂಜರಾಪೋಲ್ ಸೊಸೈಟಿ ಗೋವುಗಳಿಗೆ ನೆಲೆ ನೀಡಿದೆ. ನಾಯಿಯನ್ನು ಮನೆಗೆ ತರಬಯಸುವವರು ಮೊದಲು ಇಂಥ ಅನಾಥ ಜೀವಗಳ ಕಡೆ ನೋಡಬೇಕು. ನಾಯಿ ಹತ್ತು, ಹನ್ನೆರಡು, ಕೆಲವೊಮ್ಮೆ ಹದಿನೈದು ವರ್ಷ ಬದುಕುತ್ತದೆ. ಮಕ್ಕಳು ಆಸೆಪಟ್ಟರೆಂದು ತಂದು, ಅವರು ಓದಿಗೆ ಬೆಂಗಳೂರಿಗೆ ಹೋದೊಡನೆ ವರ್ತುಲ ರಸ್ತೆಯ ಬದಿಯಲ್ಲಿ ಇಳಿಸಿ ಬರುವವರಿದ್ದಾರೆ. ಅಷ್ಟು ವರ್ಷ ನಿಭಾಯಿಸುವ ಶಕ್ತಿಯಿಲ್ಲದಿದ್ದರೆ ಸಾಕದಿರುವುದೇ ಧರ್ಮ. ಸಾಕಿದ ಮೇಲೆ ಅದು ಹವ್ಯಾಸವಲ್ಲ, ವ್ರತ.

ಬಂಧ

ಬಂಧವೆಂದರೆ ಪ್ರಾಣಿ ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಚಾಮರಾಜನಗರ ಜಿಲ್ಲೆಯ ಮಲೆಯೂರಿನ ಕನಕಗಿರಿಯ ಜೊತೆಗೆ ಪರಂಪರೆ ಜೋಡಿಸುವ ಹೆಸರು ಅವರದು. ಶ್ರಾವಕಾಚಾರದ ವ್ಯಾಖ್ಯಾನಕಾರರು ಇನ್ನೂ ಸೂಕ್ಷ್ಮಕ್ಕೆ ಇಳಿದು, ಕಟ್ಟಲೇಬೇಕಾದರೆ ಗಂಟು ಸಡಿಲವಾಗಿರಬೇಕು, ಬೆಂಕಿ ಬಿದ್ದಂಥ ಆಪತ್ತಿನಲ್ಲಿ ತಟ್ಟನೆ ಬಿಚ್ಚಲು ಬರುವಂತಿರಬೇಕು ಎಂದಿದ್ದಾರೆ.

ನಾಯಿಯನ್ನು ಬೀದಿಗೆ ಕರೆದೊಯ್ಯುವಾಗ ಪಟ್ಟಿ ಹಿಡಿಯುವುದು ಬಂಧವಲ್ಲ, ರಕ್ಷೆ. ವಾಹನಗಳ ನಡುವೆ ಅದನ್ನು ಬಿಟ್ಟು ನಡೆಸುವುದೇ ಪ್ರಮಾದ. ಆದರೆ ಗೇಟಿನ ಪಕ್ಕ ಮೂರಡಿ ಸರಪಳಿಯಲ್ಲಿ ಹಗಲಿರುಳೂ ಬಿಗಿದಿಡುವುದು ನಿಜವಾದ ಅತಿಚಾರ. ಹಾಗೆ ಕಟ್ಟಿದ ನಾಯಿ ಕಾವಲಿಗೆ ಒದಗುವುದಿಲ್ಲ. ಹೆದರುತ್ತದೆ, ಸಿಡುಕುತ್ತದೆ, ಕೊನೆಗೆ ಮನೆಯವರನ್ನೇ ಕಚ್ಚುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಸೆಕ್ಷನ್ ತೀರ ಗಿಡ್ಡ ಅಥವಾ ತೀರ ಭಾರದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದನ್ನು ಅಪರಾಧವೆನ್ನುತ್ತದೆ. ಸದಾ ಕಟ್ಟಿಟ್ಟ ನಾಯಿಯನ್ನು ಓಡಾಡಿಸದಿರುವುದೂ ಅಲ್ಲಿ ಅಪರಾಧವೇ. ಹೊಡೆತ, ಅತಿಭಾರ, ಅಂಗಚ್ಛೇದ, ಅನ್ನನೀರು ಕೊಡದಿರುವುದು ಇವೂ ಅದೇ ಸೆಕ್ಷನ್ನಿನಲ್ಲಿವೆ. ಸೂತ್ರಕಾರರು ಎಣಿಸಿದ ಐದನ್ನೂ ಸ್ವತಂತ್ರ ಭಾರತದ ಕಾನೂನು ತನ್ನದೇ ದಾರಿಯಲ್ಲಿ ಬಂದು ಒಪ್ಪಿಕೊಂಡಂತಾಗಿದೆ.

ಬೆಳಿಗ್ಗೆ, ಸಂಜೆ ಅರ್ಧ ಗಂಟೆಯ ನಡಿಗೆ ನಾಯಿಯ ದೇಹಕ್ಕೆ ವ್ಯಾಯಾಮ. ದಾರಿಯುದ್ದಕ್ಕೂ ಮೂಸುತ್ತ ಸಾಗುವುದು ಅದರ ಮನಸ್ಸಿಗೆ ಆಹಾರ. ಬೇಸಿಗೆಯ ಮಧ್ಯಾಹ್ನ ಡಾಂಬರು ಕಾದಿರುತ್ತದೆ; ಅಂಗೈಯ ಹಿಂಭಾಗವನ್ನು ನೆಲಕ್ಕೆ ಇಟ್ಟು ನೋಡಿ, ತನಗೆ ತಾಳಲಾಗದ್ದನ್ನು ಅದರ ಪಾದಕ್ಕೂ ವಿಧಿಸಬಾರದು. ಮುಚ್ಚಿದ ಕಾರಿನಲ್ಲಿ ಕೆಲವೇ ನಿಮಿಷ ಬಿಟ್ಟರೂ ಪ್ರಾಣಾಪಾಯ. ಚಾಮುಂಡಿ ಬೆಟ್ಟದ ಸುತ್ತಲಿನ ಬಡಾವಣೆಗಳಲ್ಲಿ ಚಿರತೆಯ ಸಂಚಾರವೂ ಉಂಟು. ಅಲ್ಲಿ ರಾತ್ರಿ ಅಂಗಳದಲ್ಲಿ ಕಟ್ಟಿದ ನಾಯಿ ಓಡಿ ಬದುಕುವ ಅವಕಾಶವನ್ನೂ ಕಳೆದುಕೊಂಡಿರುತ್ತದೆ. ಅದನ್ನು ಒಳಗೆ ಮಲಗಿಸುವುದೇ ಕ್ಷೇಮ.

ವಧ

ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಕೋಲು ಚಾಟಿಗಳಿಂದ ಹೊಡೆಯುವುದು ಎಂದು ಪೂಜ್ಯಪಾದರೇ ಸ್ಪಷ್ಟಪಡಿಸಿದ್ದಾರೆ. ಕೊಂದರೆ ವ್ರತವೇ ಭಂಗವಾಯಿತಲ್ಲ!

ಶಿಸ್ತು ಕಲಿಸಲು ಹೊಡೆಯಬೇಕೆಂಬುದು ಬಹುಜನರ ನಂಬಿಕೆ. ಒಳಗೆ ಮೂತ್ರ ಮಾಡಿತೆಂದು ಸಂಜೆ ಮನೆಗೆ ಬಂದ ಯಜಮಾನ ಹೊಡೆದರೆ ಬೆಳಗಿನ ತಪ್ಪಿಗೂ ಸಂಜೆಯ ಪೆಟ್ಟಿಗೂ ಇರುವ ಸಂಬಂಧ ನಾಯಿಗೆ ತಿಳಿಯದು. ಅದು ಕಲಿಯುವುದು ಒಂದೇ ಪಾಠ: ಈ ಮನುಷ್ಯ ಬಂದರೆ ಹೆದರಬೇಕು. ಸರಿಯಾಗಿ ನಡೆದ ಕೂಡಲೆ ಮೆಚ್ಚುಗೆಯ ಮಾತು, ಒಂದು ತುಣುಕು ತಿನಿಸು; ತಪ್ಪಿದಾಗ ಮೌನ. ಹೀಗೆ ಕಲಿಸಿದರೆ ನಾಯಿ ಬೇಗ ಕಲಿಯುತ್ತದೆ. ತರಗತಿಯ ಮಕ್ಕಳಿಗೂ ಇದೇ ನಿಯಮ.

ಮುಟ್ಟದೆಯೂ ನೋಯಿಸುವ ಪೆಟ್ಟುಗಳಿವೆ. ನಾಯಿಯ ಕಿವಿ ಮನುಷ್ಯನ ಕಿವಿಗಿಂತ ಬಹುಪಾಲು ಸೂಕ್ಷ್ಮ. ಮೈಸೂರಿನಲ್ಲಿ ದಸರೆಯ ಕುಶಾಲತೋಪು ಹಾರುವಾಗ, ಅದರ ತಾಲೀಮು ನಡೆಯುವಾಗ, ದೀಪಾವಳಿಯ ಪಟಾಕಿ ಸಿಡಿಯುವಾಗ ಹೆದರಿ ಓಡಿ ದಾರಿ ತಪ್ಪುವ ನಾಯಿಗಳುಂಟು. ಆ ದಿನಗಳಲ್ಲಿ ಮುಂಜಾನೆಯೇ ಓಡಾಡಿಸಿ, ಸದ್ದು ಕಡಿಮೆಯಿರುವ ಒಳಕೋಣೆಯಲ್ಲಿ ಅದರ ಹಳೆಯ ಕಂಬಳಿ ಹಾಸಿ, ಮನೆಯವರೊಬ್ಬರು ಬಳಿಯಲ್ಲಿರಬೇಕು. ಭಯ ವಿಪರೀತವಾದರೆ ಮುಂಚಿತವಾಗಿ ಪಶುವೈದ್ಯರನ್ನು ಕಾಣಬೇಕು. ಕೊರಳಪಟ್ಟಿಯಲ್ಲಿ ಮನೆಯ ದೂರವಾಣಿ ಸಂಖ್ಯೆ ಬರೆದಿದ್ದರೆ ತಪ್ಪಿಹೋದ ನಾಯಿ ಮರಳುವ ಅವಕಾಶ ಹೆಚ್ಚು. ಪಟಾಕಿಯನ್ನೇ ಬಿಡುವ ಶ್ರಾವಕ ಕುಟುಂಬವು ಅಸಂಖ್ಯ ಕ್ಷುದ್ರಜೀವಿಗಳ ಜೊತೆಗೆ ಬೀದಿಯ ನಾಯಿಗಳಿಗೂ ಅಭಯ ನೀಡಿದಂತೆ.

ಛೇದ

ಚಂದ ಕಾಣಲೆಂದು ಮರಿಯ ಕಿವಿಯನ್ನು ಕತ್ತರಿಸಿ ನಿಮಿರಿಸುವುದು, ಬಾಲವನ್ನು ಮೊಟುಕುಗೊಳಿಸುವುದು ಕೆಲವು ತಳಿಗಳಲ್ಲಿ ರೂಢಿಯಾಗಿದೆ. ಛೇದವೆಂಬ ಅತಿಚಾರಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ. ಕಿವಿ ಬಾಲಗಳೇ ನಾಯಿಯ ಭಾಷೆ. ಅವನ್ನು ಕತ್ತರಿಸುವುದೆಂದರೆ ಅದರ ಮಾತನ್ನೇ ಕತ್ತರಿಸಿದಂತೆ.

ಸಂತಾನಹರಣ ಶಸ್ತ್ರಚಿಕಿತ್ಸೆಯೂ ಛೇದವಲ್ಲವೆ ಎಂದು ಜೈನ ಮನೆಗಳಲ್ಲಿ ಹಲವರು ಕೇಳುತ್ತಾರೆ. ಪ್ರಶ್ನೆ ಗಂಭೀರವಾದುದೇ. ತತ್ತ್ವಾರ್ಥಸೂತ್ರದ ಪ್ರಕಾರ ಹಿಂಸೆಯ ಬೇರು ಪ್ರಮಾದದಲ್ಲಿದೆ, ಅಂದರೆ ಕಷಾಯದಿಂದ ಕೂಡಿದ ಅಜಾಗರೂಕತೆಯಲ್ಲಿದೆ. ಚಂದಕ್ಕಾಗಿ ಕಿವಿ ಕತ್ತರಿಸುವುದೂ, ಅರಿವಳಿಕೆ ಕೊಟ್ಟು ನೋವಿಲ್ಲದಂತೆ ವೈದ್ಯರು ಮಾಡುವ ಚಿಕಿತ್ಸೆಯೂ ಭಾವದಲ್ಲಿ ಒಂದಲ್ಲ. ಆ ಚಿಕಿತ್ಸೆ ಹೆಣ್ಣುನಾಯಿಯನ್ನು ಗರ್ಭಕೋಶದ ಕೀವಿನಂಥ ಪ್ರಾಣಾಂತಕ ರೋಗದಿಂದಲೂ ಕಾಪಾಡುತ್ತದೆ. ಬೇಡವೆಂದವರು ಹುಟ್ಟುವ ಪ್ರತಿಯೊಂದು ಮರಿಯ ಹೊಣೆಯನ್ನೂ ಹೊರಬೇಕು. ಚಿಕಿತ್ಸೆಯನ್ನೂ ಮಾಡಿಸದೆ, ಹುಟ್ಟಿದ ಮರಿಗಳನ್ನು ಚೀಲದಲ್ಲಿ ತುಂಬಿ ಮಾರುಕಟ್ಟೆಯ ಬಳಿ ಬಿಟ್ಟುಬರುವುದಕ್ಕೆ ಯಾವ ಶಾಸ್ತ್ರದ ಬೆಂಬಲವೂ ಇಲ್ಲ.

ಅತಿಭಾರಾರೋಪಣ

ನಾಯಿಯ ಬೆನ್ನ ಮೇಲೆ ಯಾರೂ ಮೂಟೆ ಹೊರಿಸುವುದಿಲ್ಲ. ಆದರೆ ಭಾರ ಬೇರೆ ರೂಪದಲ್ಲಿ ಬರುತ್ತದೆ. ಹಿಮದ ನಾಡಿನ ದಟ್ಟ ರೋಮದ ಹಸ್ಕಿಯನ್ನು ಮೈಸೂರಿನ ಏಪ್ರಿಲ್ ಬಿಸಿಲಿಗೆ ತಂದು ನಿಲ್ಲಿಸುವುದು ಭಾರ. ಚಪ್ಪಟೆ ಮೂಗಿನ, ಉಸಿರಾಡಲು ಕಷ್ಟಪಡುವ ತಳಿಯನ್ನು ಬೇಡಿಕೆಗಾಗಿ ಮತ್ತೆ ಮತ್ತೆ ಹುಟ್ಟಿಸುವುದು ಭಾರ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಾಯಿ ಸಂವರ್ಧನೆಯ ನಿಯಮಗಳು ಹೇಳುತ್ತವೆ. ತಾಯಿಯ ಮಡಿಲಿನಿಂದ ಬೇಗ ಬೇರ್ಪಟ್ಟ ಮರಿ ಬದುಕಿನುದ್ದಕ್ಕೂ ಆ ಹೊರೆ ಹೊರುತ್ತದೆ. ನಮ್ಮ ಊರಿನ ಹವೆಗೆ ನಾಡನಾಯಿ ಹೊಂದಿಕೊಂಡಷ್ಟು ಯಾವ ವಿದೇಶಿ ತಳಿಯೂ ಹೊಂದಿಕೊಳ್ಳದು.

ಈ ನಾಡಿನಲ್ಲೇ ಒಂದು ಕಲ್ಲು ಈ ವಿಷಯವಾಗಿ ಮಾತನಾಡುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಶಾಸನ ಅದು. ಗಂಗ ಬೂತುಗನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಬೇಕಾದುದನ್ನು ಬೇಡೆಂದಾಗ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ನಾಯಿ, ಹಂದಿ ಎರಡೂ ಹೋರಾಡಿ ಸತ್ತವು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಿಸಿದ. ನಾಯಿಯ ಮೇಲಿನ ಆ ಒಡೆಯನ ಪ್ರೀತಿಯಲ್ಲಿ ಸಂದೇಹವಿಲ್ಲ. ಆದರೆ ಅದು ಬೇಟೆಯಾಡಿ ಸತ್ತದ್ದು ಯಜಮಾನನ ಬಯಕೆಗಾಗಿ. ಪ್ರೀತಿಯೊಂದೇ ಸಾಲದು, ಪ್ರೀತಿಯ ಹಿಂದೆ ವಿವೇಕವಿರಬೇಕು ಎಂಬುದನ್ನು ಆ ಕಲ್ಲು ಇಂದಿಗೂ ನೆನಪಿಸುತ್ತದೆ.

ಅನ್ನಪಾನನಿರೋಧ

ಈ ಕೊನೆಯ ಅತಿಚಾರದಲ್ಲಿ ಜೈನ ಮನೆಯ ನಿಜವಾದ ಸಂಕಟ ಅಡಗಿದೆ. ಮನೆಯೊಳಗೆ ಮಾಂಸ ಬರುವಂತಿಲ್ಲ. ನಾಯಿಗೆ ಏನು ಹಾಕುವುದು?

ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿದ ನಾಯಿಯು ತೋಳಕ್ಕಿಂತ ಚೆನ್ನಾಗಿ ಪಿಷ್ಟಪದಾರ್ಥವನ್ನು ಅರಗಿಸಿಕೊಳ್ಳುತ್ತದೆ. ಸಮತೋಲನದ ಸಸ್ಯಾಹಾರದಲ್ಲಿ ಆರೋಗ್ಯವಾಗಿ ಬದುಕುವ ನಾಯಿಗಳಿವೆ. ಆದರೆ ಅನ್ನ, ಮೊಸರು ಕಲಸಿ ಹಾಕಿದರೆ ಸಮತೋಲನವಾಗದು. ಪ್ರೋಟೀನ್, ಕ್ಯಾಲ್ಸಿಯಂ, ಜೀವಸತ್ತ್ವಗಳು ಸರಿಯಾದ ಪ್ರಮಾಣದಲ್ಲಿರಬೇಕು. ಪಶುವೈದ್ಯರ ಸಲಹೆಯಂತೆ ಆಹಾರವನ್ನು ರೂಪಿಸಿ, ತೂಕವನ್ನೂ ರಕ್ತವನ್ನೂ ಆಗಾಗ ಪರೀಕ್ಷಿಸಬೇಕು. ಬೆಳೆಯುವ ಮರಿ, ಬಸುರಿ ನಾಯಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆ ಆಹಾರದಲ್ಲಿ ನಾಯಿ ಸೊರಗುತ್ತಿದೆಯೆಂದು ವೈದ್ಯರು ಹೇಳಿದ ಮೇಲೂ ಹಟ ಹಿಡಿದರೆ ಅದೇ ಅನ್ನಪಾನನಿರೋಧವಾಗುತ್ತದೆ. ಬೆಕ್ಕಿಗಂತೂ ಪ್ರಾಣಿಮೂಲದಲ್ಲಿ ದೊರೆಯುವ ಟಾರಿನ್ ಅನಿವಾರ್ಯ. ಕಾರ್ತಿಕೇಯಾನುಪ್ರೇಕ್ಷೆ ಬೆಕ್ಕನ್ನೇ ಮೊದಲು ಹೆಸರಿಸಿದ್ದರ ಹಿಂದಿನ ವಿವೇಕ ಇಲ್ಲಿ ಅರ್ಥವಾಗುತ್ತದೆ. ಆದ್ದರಿಂದ ಈ ಪ್ರಶ್ನೆಗೆ ಉತ್ತರವನ್ನು ಪ್ರಾಣಿಯನ್ನು ತರುವ ಮೊದಲೇ ಕಂಡುಕೊಳ್ಳಬೇಕು, ತಂದ ಮೇಲಲ್ಲ.

ಕೊಡಬಾರದ್ದನ್ನು ಕೊಡದಿರುವುದೂ ದಯೆಯೇ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ನಾಶಮಾಡುತ್ತವೆ. ಅವುಗಳನ್ನು ವರ್ಜಿಸಿದ ಅಡುಗೆಮನೆ ನಾಯಿಗೂ ಕ್ಷೇಮಕರ. ಚಾಕೊಲೇಟ್ ವಿಷ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯಕಾರಿ; ಪಾಯಸವನ್ನೋ ಕೇಸರಿಬಾತನ್ನೋ ಪ್ರೀತಿಯಿಂದ ತಟ್ಟೆಗೆ ಹಾಕುವ ಮುನ್ನ ಇದು ನೆನಪಿರಬೇಕು. ಮೈಸೂರು ಪಾಕಿನ ತುಪ್ಪ, ಸಕ್ಕರೆಗಳೂ ಅದಕ್ಕೆ ಒಗ್ಗುವಂಥವಲ್ಲ.

ಇನ್ನೊಂದು ಮಾತು. ದಶಲಕ್ಷಣ ಪರ್ವದಲ್ಲಿ, ನೋಂಪಿಯ ದಿನಗಳಲ್ಲಿ ಮನೆಯವರು ಉಪವಾಸವಿರಬಹುದು. ನಾಯಿಗೆ ಉಪವಾಸ ಮಾಡಿಸಬಾರದು. ಸ್ವಂತ ಸಂಕಲ್ಪವಿದ್ದರೆ ಮಾತ್ರ ಅದು ತಪಸ್ಸು, ಬೇರೆಯವರು ಹೇರಿದರೆ ಬರಿಯ ಹಸಿವು. ಕುಟುಂಬವೆಲ್ಲ ಶ್ರವಣಬೆಳಗೊಳಕ್ಕೆ ಹೊರಟಾಗ ಬೀಗದ ಹಿಂದೆ ಉಳಿದ ನಾಯಿಗೆ ಅನ್ನನೀರು ಯಾರ ಹೊಣೆಯೆಂಬುದು ತೀರ್ಮಾನವಾಗದೆ ಯಾತ್ರೆ ಆರಂಭವಾಗಬಾರದು. ಅಂಗಳದ ನೀರಿನ ಬಟ್ಟಲನ್ನು ದಿನವೂ ತೊಳೆದು ತುಂಬಬೇಕು.

ರೋಗವೂ ಪ್ರಮಾದವೂ

ರೇಬೀಸ್ ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ತಡೆಯುವುದು ಸುಲಭ. ಮರಿಗೆ ಸುಮಾರು ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಆ ಬಳಿಕ ವೈದ್ಯರು ಹೇಳಿದಂತೆ ವರ್ಷವರ್ಷವೂ ಮುಂದುವರಿಸಬೇಕು. ಯಾವ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪಾರ್ವೊ, ಡಿಸ್ಟೆಂಪರ್, ಇಲಿಜ್ವರಗಳಿಗೂ ಲಸಿಕೆಯಿದೆ. ಮನೆಯ ನಾಯಿಗೆ ಲಸಿಕೆ ಹಾಕಿಸುವುದು ನೆರೆಮನೆಯ ಮಗುವಿಗೂ ಬೀದಿಯ ನಾಯಿಗೂ ಮಾಡುವ ಉಪಕಾರ.

ಉಣ್ಣಿ, ಚಿಗಟಗಳ ವಿಷಯದಲ್ಲಿ ಶ್ರಾವಕನ ಮನಸ್ಸು ಹಿಂಜರಿಯುವುದು ಸಹಜ. ಅವೂ ಜೀವಗಳೇ. ಇದಕ್ಕೆ ದಾರಿ, ಅವು ಹುಟ್ಟಿ ಹೆಚ್ಚುವ ಮೊದಲೇ ತಡೆಯುವುದು: ಹಿತ್ತಲ ಹುಲ್ಲು ಬೆಳೆಯದಂತೆ ನೋಡಿಕೊಳ್ಳುವುದು, ಹಾಸಿಗೆಯನ್ನು ಬಿಸಿಲಿಗೆ ಹಾಕುವುದು, ದಿನವೂ ಬಾಚುವುದು, ವೈದ್ಯರು ಹೇಳಿದ ಮುಂಜಾಗ್ರತೆಯ ಔಷಧವನ್ನು ಕಾಲಕ್ಕೆ ಸರಿಯಾಗಿ ಕೊಡುವುದು. ಗೃಹಸ್ಥನು ತ್ಯಜಿಸಬೇಕಾದುದು ಸಂಕಲ್ಪಪೂರ್ವಕ ಹಿಂಸೆ. ನಿರ್ಲಕ್ಷ್ಯದಿಂದ ನೂರು ಉಣ್ಣಿ ಬೆಳೆಯಲು ಬಿಟ್ಟು ಆಮೇಲೆ ಕೊಲ್ಲುವುದಕ್ಕಿಂತ ಮೊದಲೇ ಎಚ್ಚರವಾಗಿರುವುದರಲ್ಲಿ ಹಿಂಸೆ ಕಡಿಮೆ.

ಕೊನೆಯವರೆಗಿನ ಮೈತ್ರಿ

ಜೀವಗಳು ಒಂದಕ್ಕೊಂದು ಉಪಕಾರಿಯಾಗಿರುವುದೇ ಅವುಗಳ ಸ್ವಭಾವವೆಂಬುದು ಜೈನ ದರ್ಶನದ ತಿರುಳು. ಒಂಟಿಯಾದ ಹಿರಿಯರ ಮನೆಯಲ್ಲಿ ನಾಯಿ ಮಾಡುವ ಉಪಕಾರ ಎಲ್ಲರೂ ಕಂಡದ್ದೇ. ಪ್ರತ್ಯುಪಕಾರವಾಗಿ ಅದು ಬೇಡುವುದು ದುಬಾರಿ ಹಾಸಿಗೆಯನ್ನಲ್ಲ; ದಿನದ ನಿಯಮವನ್ನು, ಸ್ವಲ್ಪ ಹೊತ್ತನ್ನು. ಹೊತ್ತಿಗೆ ಸರಿಯಾಗಿ ಊಟ, ಅದೇ ಬೀದಿಯ ನಡಿಗೆ, ಸಂಜೆ ಪಕ್ಕದಲ್ಲಿ ಕುಳಿತು ಸವರುವ ಕೈ. ಅದರ ಭಾಷೆಯನ್ನು ಕಲಿಯುವುದೂ ಮೈತ್ರಿಯ ಭಾಗ. ಬಾಲ ಆಡಿಸಿದಾಗಲೆಲ್ಲ ಸಂತೋಷವೆಂದಲ್ಲ. ಮತ್ತೆ ಮತ್ತೆ ತುಟಿ ನೆಕ್ಕುವುದು, ಆಕಳಿಸುವುದು, ಮುಖ ತಿರುಗಿಸುವುದು ಕಳವಳದ ಗುರುತುಗಳು. ಊಟ ಬಿಟ್ಟು ಮೂಲೆ ಸೇರಿದ ನಾಯಿ ಹಟ ಮಾಡುತ್ತಿಲ್ಲ, ನೋವನ್ನು ಹೇಳುತ್ತಿದೆ.

ಮುದಿತನ ಬಂದಾಗ ಈ ಮೈತ್ರಿಯ ಕಠಿಣ ಪರೀಕ್ಷೆ. ಕಣ್ಣು ಮಂಜಾಗಿ, ಕಾಲು ಸೋತು, ಮಲಗಿದಲ್ಲೇ ಒದ್ದೆ ಮಾಡುವ ನಾಯಿಯನ್ನು ಹೊರಗಟ್ಟುವುದು ಕ್ರೌರ್ಯ. ಸಲ್ಲೇಖನದ ಹೆಸರಿನಲ್ಲಿ ಅದರ ಅನ್ನ ನಿಲ್ಲಿಸುವುದು ತಪ್ಪುಗ್ರಹಿಕೆ. ಸಲ್ಲೇಖನವು ಜ್ಞಾನಪೂರ್ವಕವಾಗಿ ತಾನೇ ಸ್ವೀಕರಿಸುವ ವ್ರತ, ಬೇರೊಂದು ಜೀವದ ಮೇಲೆ ಹೊರಿಸುವುದಲ್ಲ. ಪ್ರಾಣವನ್ನು ತೆಗೆಯುವುದಕ್ಕಿಂತ ನೋವನ್ನು ತೆಗೆಯುವುದರ ಕಡೆಗೇ ಶ್ರಾವಕನ ಒಲವು. ನೋವು ನಿವಾರಿಸುವ ಔಷಧ ಇಂದು ಪಶುವೈದ್ಯರ ಬಳಿ ಇದೆ. ಮೆತ್ತನೆಯ ಹಾಸು, ಮಗ್ಗುಲು ಬದಲಿಸುವ ಕೈ, ಬಾಯಿಗೆ ನೀರಿನ ಹನಿ ಮನೆಯವರ ಬಳಿ ಇವೆ.

ಆ ಬಳಿಕ ಉಳಿಯುವುದು ಜೀವಂಧರ ಮಾಡಿದ ಕೆಲಸ. ಹನ್ನೆರಡು ವರ್ಷ ಬಾಗಿಲಲ್ಲಿ ಕಾದ ಜೀವದ ಪಕ್ಕದಲ್ಲಿ ಕುಳಿತು, ಪರಿಚಿತ ದನಿಯಲ್ಲಿ ಪಂಚನಮಸ್ಕಾರವನ್ನು ಹೇಳುವುದು. ಅದಕ್ಕೆ ಮಂತ್ರದ ಅರ್ಥ ತಿಳಿಯದಿರಬಹುದು. ದನಿಯ ಗುರುತು ಸಿಗುತ್ತದೆ, ಭಯ ಇಳಿಯುತ್ತದೆ. ಶಾಂತಭಾವದಿಂದ ಹೊರಡುವ ಜೀವಕ್ಕೆ ಮುಂದಿನ ಗತಿ ಒಳ್ಳೆಯದೆಂಬುದು ಪರಂಪರೆಯ ಶ್ರದ್ಧೆ. ಅಂಥ ಶಾಂತಿಯನ್ನು ಕೊನೆಯ ದಿನ ಒಮ್ಮೆಲೇ ಕೊಡಲು ಬಾರದು. ಅದು ಕಟ್ಟದೆ, ಹೊಡೆಯದೆ, ಕತ್ತರಿಸದೆ, ಹೊರೆ ಹೊರಿಸದೆ, ಹಸಿವಿನಲ್ಲಿಡದೆ ಕಳೆದ ಪ್ರತಿದಿನದ ಫಲ.